ಗದ್ದುಗೆ ಬೇಡವೆಂದ ಅಧ್ಯಕ್ಷರು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದೇ ಒಂದು ಸಾಲು. ಅದು ಚಂದ್ರಮೌಳಿ ಬರೆದ ಸಾಲಲ್ಲ, ಅವನು ಓದಬೇಕಾಗಿದ್ದ ಸಾಲು. ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜಿ ಬಂದು ಬಾಗಿಲ ಬಳಿಯ ಅಂಚೆಪೆಟ್ಟಿಗೆಗೆ ಕೈಹಾಕಿದಾಗ ಅವನಿಗೆ ಸಿಕ್ಕಿತು. ಅಂದು ಮಧ್ಯಾಹ್ನ ಬೀದಿ ಸಂಘದ ವಾರ್ಷಿಕ ಸಭೆ. ಕಾರ್ಯದರ್ಶಿ ಓಕುದಾ ಸಾನ್ (ಜಪಾನಿಯ ‘ಸಾನ್’ ಎಂದರೆ ನಮ್ಮ ‘ಅವರು’) ಅಧ್ಯಕ್ಷರ ಭಾಷಣವನ್ನು ಚೊಕ್ಕವಾಗಿ ಬರೆದು, ಪ್ರತಿ ಸಾಲಿನ ಕೆಳಗೂ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟು, ಸದ್ದಿಲ್ಲದೆ ಹಾಕಿಹೋಗಿದ್ದರು. ಭಾಷಣ ಮುಗಿಯುತ್ತಿದ್ದದ್ದು ಹೀಗೆ: ‘ಬರುವ ವರ್ಷವೂ ತಮ್ಮೆಲ್ಲರ ಕೃಪೆ ನನ್ನ ಮೇಲಿರಲಿ ಎಂದು ಬೇಡುತ್ತೇನೆ.’

ಚಂದ್ರಮೌಳಿ ಅದನ್ನು ಎರಡು ಸಲ ಓದಿದ. ಏಕೆಂದರೆ ಆ ಅಧ್ಯಕ್ಷ ಅವನೇ.

ಕ್ಯೋಟೋದ ಉತ್ತರಕ್ಕೆ, ಬಸ್ಸು ತಿರುಗುವುದಕ್ಕೂ ಕಷ್ಟವಾದ ಒಂದು ಬೀದಿಯಲ್ಲಿ ಅವನ ಬಾಡಿಗೆ ಮನೆ. ಅಂಥ ಪ್ರತಿ ಬೀದಿಗೂ ಅಲ್ಲೊಂದು ಸಂಘವಿರುತ್ತದೆ. ಕಸದ ಮೂಟೆಗೆ ಕಾಗೆ ಬಾಯಿ ಹಾಕದಂತೆ ಬಲೆ ಹೊದಿಸುವುದು, ಭೂಕಂಪದ ತಾಲೀಮು ಮಾಡಿಸುವುದು, ಮೂಲೆಯ ಜಿಜೋ ದೇವರ ಗುಡಿಯಲ್ಲಿ ಆಗಸ್ಟ್ ತಿಂಗಳು ಮಕ್ಕಳ ಹಬ್ಬ ನಡೆಸುವುದು, ಎಲ್ಲ ಅದರ ಪಾಲಿಗೆ. ಅಧ್ಯಕ್ಷಗಿರಿ ಸರದಿಯ ಪ್ರಕಾರ ಬರುತ್ತದೆ ಎನ್ನುವುದು ಬರಿಯ ಮಾತು. ನಿಜವಾಗಿ ಅದು ಇಲ್ಲ ಎನ್ನಲಾರದವನ ಕೊರಳಿಗೆ ಬೀಳುತ್ತದೆ. ಹಿಂದಿನ ಅಧ್ಯಕ್ಷರು ಒಮ್ಮೆ ಬಗ್ಗಿದ ತಪ್ಪಿಗೆ ಆರು ವರ್ಷ ಕಾಗೆ ಓಡಿಸಿ, ಕಡೆಗೆ ಮಗಳ ಊರಿಗೇ ಮನೆ ಬದಲಾಯಿಸಿಕೊಂಡು ಪಾರಾಗಿದ್ದರು. ಕಳೆದ ವರ್ಷ ಅದು ಚಂದ್ರಮೌಳಿಯ ಬಾಗಿಲಿಗೆ ಬಂತು. ‘ನನಗೆ ಭಾಷೆ ಬರದು’ ಎಂದ. ‘ಅಡ್ಡಿಯಿಲ್ಲ’ ಎಂದರು. ಅಲ್ಲಿಗೆ ಮುಗಿಯಿತು.

ಈ ಮನುಷ್ಯನ ವೃತ್ತಿ ಏನೆಂದು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಅವನು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧಕ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ದೊರೆಗಳು ಪಾರ್ಲಿಮೆಂಟಿನ ಮುಂದೆ ಮಾಡಿದ ಭಾಷಣಗಳು, ಪ್ರಜೆಗಳಿಗೆ ಹೊರಡಿಸಿದ ಘೋಷಣೆಗಳು, ಇವೇ ಅವನ ವಿಷಯ. ಮೈಸೂರಿನವನು ಇಂಗ್ಲೆಂಡಿನ ರಾಣಿಯ ಮಾತನ್ನು ಜಪಾನಿನಲ್ಲಿ ಕೂತು ಏಕೆ ಓದಬೇಕು ಎಂದು ಅವನ ಅಪ್ಪ ಸಾಯುವ ತನಕ ಕೇಳಿದರು. ಅದಕ್ಕೆ ಅವನ ಬಳಿ ಇದ್ದದ್ದು ಪ್ರೀತಿ ಮಾತ್ರ. ಸಂಧಿವಾತದಿಂದ ಕಾಲು ಬಾತ ಆನ್ ರಾಣಿ, ಕುರ್ಚಿಯಲ್ಲಿ ಹೊತ್ತು ತಂದು ಕೂರಿಸಿದರೂ, ಮಂತ್ರಿಗಳು ಬರೆದುಕೊಟ್ಟ ಮಾತನ್ನು ಇಂಪಾದ ಕೊರಳಲ್ಲಿ ಓದುತ್ತಿದ್ದಳು ಎಂದು ಹೇಳುವಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು. ಆಮೇಲೆ ಜರ್ಮನಿಯಿಂದ ಬಂದ ಜಾರ್ಜ್ ದೊರೆಗೆ ಇಂಗ್ಲಿಷ್ ಸರಿಯಾಗಿ ಬಾರದು. ಒಂದು ಮಾತು ತಾನು ಹೇಳಿ, ಉಳಿದದ್ದನ್ನು ಓದಲು ಚಾನ್ಸಲರನ ಕೈಗೆ ಕೊಟ್ಟು, ತಾನು ಬೇರೆಯವರ ಮದುವೆಗೆ ಬಂದವನಂತೆ ಕೂತಿರುತ್ತಿದ್ದ. ಮಂತ್ರಿಗಳಿಗೆ ಅಂಥ ದೊರೆಯಿಂದ ಆದ ಅನುಕೂಲ ಅಷ್ಟಿಷ್ಟಲ್ಲ.

ಈ ದೊರೆಗಳ ಮೇಲೆ ಅವನು ಬರೆಯುತ್ತಿದ್ದ ಪುಸ್ತಕಕ್ಕೆ ಇನ್ನು ಎರಡು ಅಧ್ಯಾಯ ಬಾಕಿ. ಬರುವ ವರ್ಷದೊಳಗೆ ಅದು ಮುಗಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು ಎಂದು ವಿಭಾಗದ ಮುಖ್ಯಸ್ಥರು ಟೀ ಕೊಟ್ಟು ತಿಳಿಸಿದ್ದರು. ನಲವತ್ತೈದು ತುಂಬುವ ಹೊತ್ತಿಗೆ, ಕೈಯಲ್ಲಿ ಪುಸ್ತಕವಿಲ್ಲದ ಇತಿಹಾಸಕಾರನನ್ನು ಯಾವ ಊರು ಕರೆದೀತು? ಕಳೆದ ವರ್ಷದ ಭಾನುವಾರಗಳನ್ನೆಲ್ಲ ಸಂಘ ತಿಂದಿತ್ತು. ಇನ್ನೊಂದು ವರ್ಷ ತಿಂದರೆ ಅವನ ಕಥೆ ಮುಗಿದಂತೆ.

ಹೆಂಡತಿ ಕಾತ್ಯಾಯಿನಿ ಸ್ಟೇಷನ್ ಹತ್ತಿರದ ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೆಲಸಕ್ಕಿದ್ದಳು. ಜಪಾನಿ ಅವಳ ನಾಲಿಗೆಯ ಮೇಲೆ ನೀರು. ಅಂದು ಡ್ಯೂಟಿಗೆ ಹೊರಟು ಶೂಸಿಗೆ ಕಾಲು ತೂರಿಸುತ್ತಿದ್ದವಳ ಮುಂದೆ ಅವನು ಕಾಗದ ಹಿಡಿದ.

“ನೋಡಿಲ್ಲಿ. ನನ್ನ ಬಾಯಿಂದಾನೇ ಇನ್ನೊಂದು ವರ್ಷ ಕೇಳಿಸ್ತಿದಾರೆ.”

ಅವಳು ನಿಂತಲ್ಲೇ ಓದಿದಳು. “ರೀ, ಇದು ಎಲ್ಲಾ ಸ್ಪೀಚ್ ಕೊನೇಲೂ ಇರತ್ತೆ. ನಮ್ಮ ಹೋಟೆಲಲ್ಲಿ ರಿಟೈರ್ ಆಗಿ ಮನೆಗೆ ಹೋಗೋರೂ ಇದನ್ನೇ ಹೇಳ್ತಾರೆ. ಓದಿ, ಬಗ್ಗಿ, ವಾಪಸ್ ಬನ್ನಿ. ಇನ್ನೇನೂ ಮಾಡ್ಬೇಡಿ, ದಮ್ಮಯ್ಯ.”

“ಕಾತ್ಯಾ, ಇಂಥ ಭಾಷಣಗಳ ಮೇಲೆ ಎಷ್ಟು ವರ್ಷದಿಂದ ಕೂತಿದೀನಿ ನಾನು. ಬೇರೆಯವರು ಬರ್ಕೊಟ್ಟ ಭಾಷಣದಲ್ಲಿ ಅವರ ಉದ್ದೇಶ ಇರೋದೇ ಕೊನೇ ಸಾಲಲ್ಲಿ.”

“ಹೋದ್ವರ್ಷ ಸೆಮಿನಾರಲ್ಲಿ, ಕೊನೇ ಸಾಲಿಗೆ ಅರ್ಥಾನೇ ಇರಲ್ಲ ಅಂದಿದ್ರಿ. ನಾನೂ ಬಂದಿದ್ದೆ.”

“ಅದು ಇಂಗ್ಲೆಂಡಿಂದು,” ಎಂದ ಚಂದ್ರಮೌಳಿ.

ಬಸ್ಸಿನ ಹೊತ್ತಾಗಿತ್ತು. ಕಾತ್ಯಾಯಿನಿ ನಿಟ್ಟುಸಿರು ಬಿಟ್ಟು ಹೊರಟುಹೋದಳು. ಉಳಿದವರು ಅತ್ತೆ ಲೀಲಾವತಿ. ಮಗಳ ಮನೆಗೆಂದು ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಜಪಾನಿಯಲ್ಲಿ ಧನ್ಯವಾದ ಎನ್ನುವ ಅರಿಗಾತೋ ಒಂದೇ ಅವರಿಗೆ ಬರುತ್ತಿದ್ದದ್ದು, ಆದರೆ ಅದನ್ನು ಕಾಗೆಗೂ ಹೇಳುತ್ತಿದ್ದರು. ಮೈಸೂರಿನ ಮಹಿಳಾ ಸಮಾಜವೊಂದರಲ್ಲಿ ಮೂವತ್ತು ವರ್ಷ ಪಳಗಿದ ಜೀವ. ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದರು.

“ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತಂತೆ. ಅಳಿಯಂದ್ರೆ, ಅವಳ ಮಾತು ಬಿಡಿ. ಸಭೇಲಿ ನಿಂತು ಬೇಡ ಅಂದ್ರೆ ಯಾರೂ ಕೇಳಲ್ಲ. ಹಾರ ಹಾಕಿದ್ಮೇಲೆ ಕತ್ತು ತಪ್ಪಿಸ್ಕೊಂಡೋರನ್ನ ನಾನು ನೋಡಿಲ್ಲ. ಮುಂಚೇನೇ ಮನೆ ಮನೆಗೆ ಹೋಗಿ ಹೇಳ್ಬರಬೇಕು.”

ಚಂದ್ರಮೌಳಿಯ ಮುಖ ಅರಳಿತು. ಇದು ಅವನು ಬಲ್ಲ ವಿಷಯವೇ. ಅಂದಿನ ಲಂಡನ್ನಿನಲ್ಲೂ ಪಾರ್ಲಿಮೆಂಟು ಕೂಡುವ ಹಿಂದಿನ ಸಂಜೆ ಮಂತ್ರಿಗಳು ತಮ್ಮ ಕಡೆಯವರನ್ನು ಕಲೆಹಾಕಿ, ದೊರೆಯ ಭಾಷಣ ಓದಿ ತೋರಿಸಿ, ಅದಕ್ಕೆ ಸಭೆ ಏನು ಉತ್ತರ ಕೊಡಬೇಕೆಂಬುದನ್ನೂ ಆಗಲೇ ತೀರ್ಮಾನಿಸಿಬಿಡುತ್ತಿದ್ದರು. ಮರುದಿನದ್ದು ಬರಿಯ ಮೆರವಣಿಗೆ. ಸಭೆಯಲ್ಲಿ ನಡೆಯುವುದೆಲ್ಲ ಸಭೆಗೆ ಮುಂಚೆಯೇ ನಡೆದಿರುತ್ತದೆ!

“ಏನಂತ ಹೇಳ್ಲಿ ಅತ್ತೆ? ಪುಸ್ತಕ ಬರೀಬೇಕು, ಪುರುಸೊತ್ತಿಲ್ಲ ಅಂದ್ರೆ?”

“ಅಯ್ಯೋ, ಕೆಲಸ ಇದೆ ಅಂತ ಮಾತ್ರ ಅನ್ಬೇಡಿ. ನಮಗೇನು ಕೆಲಸ ಇಲ್ವಾ ಅಂತ ತಿರುಗಿ ಬೀಳ್ತಾರೆ. ನಿಮ್ಮನ್ನ ನೀವೇ ಹಳ್ಕೊಳ್ಳಿ. ನಾನು ಅಯೋಗ್ಯ, ನನ್ನ ಕೈಲಾಗಲ್ಲ, ನನ್ನಿಂದ ನಿಮಗೆಲ್ಲ ತೊಂದ್ರೆ ಅನ್ನಿ. ಅಂಥವನನ್ನ ಯಾರು ಕೂರಿಸ್ತಾರೆ? ಬರಿಗೈಲಿ ಹೋಗ್ಬೇಡಿ ಮತ್ತೆ. ಮೈಸೂರ್ ಪಾಕ್ ಇದೆ.”

ಮೈಸೂರ್ ಪಾಕ್ ಇತ್ತು ನಿಜ. ಮಗಳ ಮನೆಯ ಒಲೆಯ ಉರಿ ಅರ್ಥವಾಗದೆ ಲೀಲಾವತಿ ಅದನ್ನು ಒಂದು ಕೈ ಹೆಚ್ಚಾಗಿಯೇ ಕಾಯಿಸಿದ್ದರು. ಅದರಿಂದ ಗೋಡೆ ಕಟ್ಟಬಹುದಿತ್ತು. ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟರು. ಚಂದ್ರಮೌಳಿ ಫೋನಿನಲ್ಲಿ ಇಂಗ್ಲಿಷ್ ಹಾಕಿ ಜಪಾನಿ ತೆಗೆದು, ‘ನಾನು ಅಸಮರ್ಥ, ಯೋಗ್ಯತೆಯಿಲ್ಲದವನು, ನಿಮಗೆಲ್ಲ ತೊಂದರೆ ಕೊಡುವವನು, ದಯಮಾಡಿ ಮನ್ನಿಸಿ’ ಎಂಬುದನ್ನು ಸಂಧ್ಯಾವಂದನೆಯಂತೆ ಉರುಹೊಡೆದ. ಫೋನು ಅದನ್ನು ಸರಿಯಾಗಿಯೇ ಹೇಳಿಕೊಟ್ಟಿತು. ಫೋನಿನದು ಒಂದಿಷ್ಟೂ ತಪ್ಪಿಲ್ಲ.

ಸೈಕಲ್ಲಿನ ಬುಟ್ಟಿಯಲ್ಲಿ ಪೊಟ್ಟಣ ಇಟ್ಟುಕೊಂಡು ಮೊದಲು ಓಕುದಾ ಸಾನ್ ಮನೆಗೆ ಹೋದ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು, ಅವರೊಬ್ಬರ ಜೊತೆ ಮಾತ್ರ ಅವನಿಗೆ ನೇರವಾಗಿ ಮಾತಾಡಲಾಗುತ್ತಿದ್ದದ್ದು. ಬಾಗಿಲು ಹಾಕಿತ್ತು. ಚಾಪೆ ಹಾಸಲು ಸಭಾಗೃಹಕ್ಕೆ ಹೋಗಿದ್ದಾರೆ ಎಂದು ಪಕ್ಕದವರು ಕೈಸನ್ನೆ ಮಾಡಿದರು. ಮನೆ ಮನೆಯ ಕೆಲಸ ಮುಗಿಸಿಯೇ ಅವರನ್ನು ಕಂಡರಾಯಿತು ಎಂದುಕೊಂಡ.

ಎರಡನೆಯದು ಹಯಾಶಿ ಸಾನ್‌ರ ಕ್ಷೌರದಂಗಡಿ. ಆಕೆ ಅರವತ್ತರ ಗಟ್ಟಿಗಿತ್ತಿ. ಬೀದಿಯ ಎಲ್ಲ ತಲೆಗಳೂ ಆಕೆಯ ಕೈಯಲ್ಲೇ ಇದ್ದುದರಿಂದ ಬೀದಿಯ ಎಲ್ಲ ಸುದ್ದಿಯೂ ಅಲ್ಲೇ ಇರುತ್ತಿತ್ತು. ಕಾತ್ಯಾಯಿನಿ ತಿಂಗಳಿಗೊಮ್ಮೆ ಅಲ್ಲಿ ಕೂದಲು ಕೊಟ್ಟು ಮಾತು ತರುತ್ತಿದ್ದಳು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳುತ್ತ ಒಳಹೊಕ್ಕವನು ಪೊಟ್ಟಣವನ್ನು ಎರಡೂ ಕೈಯಲ್ಲಿ ನೀಡಿ, ಸೊಂಟದ ತನಕ ಬಗ್ಗಿ, ಉರುಹೊಡೆದದ್ದನ್ನು ಒಪ್ಪಿಸಿದ. ಅಸಮರ್ಥ, ಯೋಗ್ಯತೆಯಿಲ್ಲದವನು, ತೊಂದರೆ ಕೊಡುವವನು, ಮನ್ನಿಸಿ.

ಹಯಾಶಿ ಸಾನ್ ಕತ್ತರಿ ಹಿಡಿದೇ ನಿಂತರು. ಹುಬ್ಬು ಮೇಲೇರಿತು. “ಆರಾ!” ಎಂದರು. ಆಮೇಲೆ ಇನ್ನೂ ಉದ್ದವಾಗಿ, “ಆರಾ, ಆರಾ!” ಎಂದರು. ಆಶ್ಚರ್ಯವಾಯಿತು ಎಂದು ಅದರ ಅರ್ಥ. ಅಲ್ಲಿಗೆ ಸುಮ್ಮನಾಗದೆ ಅವನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಟ್ಟೆ ಸುತ್ತಿ, ಕೇಳದೆಯೇ ಕತ್ತರಿ ಆಡಿಸಿದರು. ದುಡ್ಡು ಕೊಡಹೋದರೆ ಕೈ ಅಡ್ಡ ಹಿಡಿದರು. ಕನ್ನಡಿಯಲ್ಲಿ ಚಂದ್ರಮೌಳಿ ಹೊಸದಾಗಿ ಶಾಲೆಗೆ ಸೇರಿದ ಹುಡುಗನಂತೆ ಕಾಣುತ್ತಿದ್ದ. ‘ಬಿಡುಗಡೆಯಾಗಿ ಹೋಗುವವನಿಗೆ ಮರ್ಯಾದೆ ಮಾಡುತ್ತಿದ್ದಾರೆ, ಎಂಥ ಜನ!’ ಎಂದುಕೊಂಡು ಅವನು ಹಗುರಾಗಿ ಹೊರಬಂದ. ಅವನ ಬೆನ್ನ ಹಿಂದೆಯೇ ಹಯಾಶಿ ಸಾನ್ ಟೆಲಿಫೋನ್ ಎತ್ತಿಕೊಂಡರು.

ಮೂರನೆಯದು ಮಿಯಾಕೆ ಸಾನ್ ಮನೆ. ಅವರು ನಿವೃತ್ತರು, ಮೃದು ಮನುಷ್ಯ, ಬೀದಿಯ ಗಿಡಗಳಿಗೆಲ್ಲ ತಾವೇ ನೀರು ಹಾಕುವವರು. ಬಾಗಿಲು ತೆಗೆದವರನ್ನು ಕಂಡು ಚಂದ್ರಮೌಳಿಗೆ ಆಶ್ಚರ್ಯವಾಯಿತು. ಭಾನುವಾರ ಬೆಳಗಿನಲ್ಲಿ ಕಪ್ಪು ಸೂಟು, ಟೈ, ಬಾಗಿಲ ಬಳಿ ಪಾಲಿಶ್ ಹೊಳೆಯುವ ಬೂಟು. ಒಳಗಿನಿಂದ ಏನೋ ಹಬ್ಬದಡುಗೆಯ ಘಮ ಬರುತ್ತಿತ್ತು. ಮದುವೆಗಿದುವೆಗೆ ಹೊರಟಿರಬೇಕು, ಬೇಗ ಮುಗಿಸೋಣ ಎಂದು ಅವನು ಪೊಟ್ಟಣ ನೀಡಿ ಬಗ್ಗಿದ. ಮೊದಲಿಗಿಂತ ಚೆನ್ನಾಗಿ ಹೇಳಿದ. ಕೊನೆಯ ‘ಮನ್ನಿಸಿ’ಯನ್ನು ಎರಡು ಸಲ ಹೇಳಿದ, ಏಕೆಂದರೆ ಹೇಳುವಾಗ ಅವನಿಗೆ ನಿಜಕ್ಕೂ ತನ್ನ ಎರಡು ಅಧ್ಯಾಯ ನೆನಪಾದವು.

ಮಿಯಾಕೆ ಸಾನ್‌ರ ಮುಖದ ರಕ್ತ ಇಳಿದುಹೋಯಿತು. ಮೆಲ್ಲನೆ ಬಾಗಿಲ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಹೆಂಡತಿ ಬಂದು, ಗಂಡನ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಪೊಟ್ಟಣ ತೆಗೆದುಕೊಂಡರು. ಕೊನೆಗೆ ಮಿಯಾಕೆ ಸಾನ್ ಎದ್ದು, ಚಂದ್ರಮೌಳಿಗಿಂತ ಕೆಳಕ್ಕೆ ಬಗ್ಗಿ, “ನನಗೆ ಅರ್ಥವಾಯಿತು,” ಎಂದರು.

ಚಂದ್ರಮೌಳಿ ಸೈಕಲ್ ತಳ್ಳುತ್ತ ಹೊರಬಂದ. ತಾನು ಬಿಟ್ಟು ಹೋಗುತ್ತೇನೆಂದರೆ ಇಷ್ಟು ನೊಂದುಕೊಳ್ಳುವವರೂ ಇದ್ದಾರಲ್ಲ! ಈ ವರ್ಷ ಅಂಥದ್ದೇನು ಮಾಡಿದೆ ತಾನು? ಕಾಗೆಗಳ ವಿಷಯದಲ್ಲಿ ಮನೆಯಿಂದ ಮನೆಗೆ ಸುತ್ತುವ ಹಲಗೆಯ ಮೇಲೆ ನಾಲ್ಕು ಸುತ್ತೋಲೆ ಹೊರಡಿಸಿದ್ದ. ದುರ್ನಡತೆ ಬಿಡಿ ಎಂದು ಆನ್ ರಾಣಿ ಹೊರಡಿಸಿದ ಘೋಷಣೆಗೆ ಲಂಡನ್ನಿನ ಕುಡುಕರು ಎಷ್ಟು ಕಿವಿಗೊಟ್ಟರೋ, ಇವನ ಸುತ್ತೋಲೆಗೆ ಕಾಗೆಗಳೂ ಅಷ್ಟೇ ಕಿವಿಗೊಟ್ಟವು. ಆದರೂ ಜನರಿಗೆ ಪ್ರೀತಿ ಬಂದಿದೆ. ಕಣ್ಣೊರೆಸಿಕೊಂಡು ಮುಂದಿನ ಮನೆಗೆ ಹೋದ.

ಮುಂದೆಲ್ಲ ಒಂದೇ ರೀತಿ. ಅವನು ಬಗ್ಗುವುದಕ್ಕೆ ಮುಂಚೆಯೇ ಬಾಗಿಲು ತೆರೆದಿರುತ್ತಿತ್ತು. ಸುದ್ದಿ ಅವನ ಸೈಕಲ್ಲಿಗಿಂತ ಮುಂದೆ ಓಡುತ್ತಿತ್ತು. ಅವನು ಸಿಹಿ ಕೊಟ್ಟರೆ ಅವರು ಕೈಗೆ ಏನಾದರೂ ತಿರುಗಿ ಕೊಟ್ಟೇ ಕಳಿಸುತ್ತಿದ್ದರು. ತೋಫು ಅಂಗಡಿಯ ತೊಂಬತ್ತರ ಅಜ್ಜಿ ಅವನ ಕೆನ್ನೆ ತಟ್ಟಿ, “ಗಂಬಾತ್ತೆ!” ಎಂದು ಪನೀರಿನಂಥ ಹಸಿ ತೋಫು ಕಟ್ಟಿಕೊಟ್ಟಳು. ಚೆನ್ನಾಗಿ ಕೆಲಸ ಮಾಡು ಎಂದು ಅದರ ಅರ್ಥ. ಪುಸ್ತಕದ ಕೆಲಸಕ್ಕೆ ಹರಸಿದಳೆಂದುಕೊಂಡ. ಇನ್ನೊಬ್ಬರು ತೋಳುದ್ದದ ಮೂಲಂಗಿ ಕೊಟ್ಟರು. ಮನೆಗೆ ಬರುವಾಗ ಬುಟ್ಟಿ ಹೋಗುವಾಗಿನದಕ್ಕಿಂತ ಭಾರವಾಗಿತ್ತು, ತಿರುವಿನಲ್ಲಿ ಸೈಕಲ್ ವಾಲಿ ತೋಫು ಪ್ಯಾಂಟಿನ ಮೇಲೆ ಚೆಲ್ಲಿತು.

“ಕಾಯಾಯ್ತಾ, ಹಣ್ಣಾಯ್ತಾ?” ಲೀಲಾವತಿ ಬಾಗಿಲಲ್ಲೇ ಕಾಯುತ್ತಿದ್ದರು.

“ಹಣ್ಣೇ ಅತ್ತೆ. ಒಬ್ರೂ ಎದುರು ಮಾತಾಡ್ಲಿಲ್ಲ. ಮಿಯಾಕೆ ಸಾನ್ ಅಂತೂ ಅಳೋ ಹಾಗಾದ್ರು ಪಾಪ.”

“ನಾನು ಹೇಳ್ಲಿಲ್ವಾ? ಜನ ಎಲ್ಲಾ ಕಡೆ ಒಂದೇ. ಇರಿ, ನಾನೂ ಬರ್ತೀನಿ. ಉಳಿದ ಮೈಸೂರ್ ಪಾಕ್ ಸಭೇಲಿ ಹಂಚೋಣ.”

ಜಿಜೋ ಗುಡಿಯ ಪಕ್ಕದ ಸಭಾಗೃಹ ಒಂದೇ ಕೋಣೆಯದು. ಅವರು ಹೋದಾಗ ಮೂಲೆಯಲ್ಲಿ ಓಕುದಾ ಸಾನ್, ಹಯಾಶಿ ಸಾನ್, ಮಿಯಾಕೆ ಸಾನ್ ತಲೆಗೆ ತಲೆ ಹಚ್ಚಿ ಪಿಸುಗುಡುತ್ತಿದ್ದರು. ಚಂದ್ರಮೌಳಿಯನ್ನು ಕಂಡದ್ದೇ ಮೂವರೂ ಬಗ್ಗಿ ಸುಮ್ಮನಾದರು. ಅವನಿಗೆ ಅನುಮಾನ ಬಂತು. ತನ್ನ ಬೆಳಗಿನ ಪ್ರಯತ್ನವನ್ನೆಲ್ಲ ಮುರಿಯಲು ಹೂಡುತ್ತಿರುವ ಹುನ್ನಾರ ಇದು! ಓಕುದಾ ಸಾನ್‌ರನ್ನು ಬದಿಗೆ ಕರೆಯೋಣವೆಂದರೆ ಜನ ಬಂದು ಸುತ್ತಿಕೊಂಡರು. ಸರಿ, ಭಾಷಣ ಇದೆಯಲ್ಲ ಎಂದು ಧೈರ್ಯ ತಂದುಕೊಂಡ. ಕೊನೆಯ ಸಾಲನ್ನು ಅವನು ಮನೆಯಲ್ಲೇ ಹೊಡೆದುಹಾಕಿದ್ದ. ಅಲ್ಲಿ ತನ್ನ ಸ್ವಂತ ಮಾತು ಬರೆದುಕೊಂಡಿದ್ದ. ಆನ್ ರಾಣಿಗೆ ಸಿಗದ ಭಾಗ್ಯ ಅದು ಎಂಬ ಹೆಮ್ಮೆಯೂ ಸಣ್ಣದಾಗಿ ಇತ್ತು.

ಎಲ್ಲರೂ ಮಂಡಿಯೂರಿ ಕೂತರು. ಅಧ್ಯಕ್ಷನೂ ಹಾಗೆಯೇ ಕೂರಬೇಕು, ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಬೆನ್ನು ನೆಟ್ಟಗೆ. ಚಂದ್ರಮೌಳಿ ಓಕುದಾ ಸಾನ್ ಬರೆದದ್ದನ್ನು ತಡವರಿಸುತ್ತ ಓದಿದ. ಕಸ, ಕಾಗೆ, ತಾಲೀಮು, ಮಕ್ಕಳ ಹಬ್ಬ. ಕೊನೆಗೆ ಕಾಗದ ಕೆಳಗಿಟ್ಟು ತನ್ನ ಮಾತು ಹೇಳಿದ. “ಈ ವರ್ಷ ನಾನು ಏನೂ ಮಾಡಲಿಲ್ಲ. ಮಾಡಿದವರೆಲ್ಲ ನೀವು. ನನಗೆ ಭಾಷೆ ಬರದು. ಈ ಸ್ಥಾನಕ್ಕೆ ನನಗೆ ಯೋಗ್ಯತೆಯಿಲ್ಲ. ಇಲ್ಲಿರುವ ಎಲ್ಲರೂ ನನಗಿಂತ ಯೋಗ್ಯರು.”

ತೋಫು ಅಜ್ಜಿ ಸೆರಗಿಲ್ಲದ್ದಕ್ಕೆ ತೋಳಿನಿಂದಲೇ ಕಣ್ಣೊತ್ತಿಕೊಂಡಳು.

ಓಕುದಾ ಸಾನ್ ಎದ್ದರು. ಗಂಭೀರವಾಗಿ, ಇವನಿಗಾಗಿ ನಿಧಾನದ ಸರಳ ಜಪಾನಿಯಲ್ಲಿ ಶುರುಮಾಡಿದರು. “ಅಧ್ಯಕ್ಷರು ತಾವು ಏನೂ ಮಾಡಲಿಲ್ಲ ಎಂದರು. ಆ ಮಾತಿಗೆ ನಾವು ಕೃತಜ್ಞರು. ಅಧ್ಯಕ್ಷರು ಮಾಡಿದವರೆಲ್ಲ ನಾವು ಎಂದರು. ಆ ಮಾತಿಗೂ ನಾವು ಕೃತಜ್ಞರು. ಅಧ್ಯಕ್ಷರು ತಮಗೆ ಯೋಗ್ಯತೆಯಿಲ್ಲ ಎಂದರು...”

ಚಂದ್ರಮೌಳಿ ತಲೆಯೆತ್ತಿದ. ಈ ಧಾಟಿ ಅವನಿಗೆ ಗೊತ್ತು. ದೊರೆಯ ಭಾಷಣಕ್ಕೆ ಪಾರ್ಲಿಮೆಂಟು ಕೊಡುತ್ತಿದ್ದ ವಿನಮ್ರ ಉತ್ತರದ ಧಾಟಿ ಇದು. ದೊರೆ ಹೇಳಿದ್ದನ್ನೇ ಒಂದೊಂದಾಗಿ ಎತ್ತಿ, ಒಂದೊಂದಕ್ಕೂ ಕೈಮುಗಿದು, ಕೊನೆಗೆ ಅವನನ್ನು ಇನ್ನಷ್ಟು ಬಿಗಿಯಾಗಿ ಸಿಂಹಾಸನಕ್ಕೆ ಕಟ್ಟುವ ವಿದ್ಯೆ. ಮೂರನೆಯ ಅಧ್ಯಾಯದಲ್ಲಿ ಅವನೇ ಅದನ್ನು ವಿವರಿಸಿ ಬರೆದಿದ್ದ. ದೊರೆಯ ಜಾಗದಲ್ಲಿ ಕೂತಾಗ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ಮಾತ್ರ ಅಲ್ಲಿ ಇರಲಿಲ್ಲ.

“...ಇಂಥ ವಿನಯವೇ ಯೋಗ್ಯತೆ,” ಎಂದು ಓಕುದಾ ಸಾನ್ ಮುಗಿಸಿದರು. “ಈಗ ಮುಂದಿನ ವಿಷಯ, ಹೊಸ ಅಧ್ಯಕ್ಷರು. ಮಿಯಾಕೆ ಸಾನ್ ಒಂದು ಸೂಚನೆ ಮಂಡಿಸುತ್ತಾರೆ.”

ಮಿಯಾಕೆ ಸಾನ್ ಸೂಟಿನ ಗುಂಡಿ ಹಾಕಿಕೊಂಡು ಎದ್ದರು. ಇನ್ನು ಒಂದೇ ದಾರಿ. ದೊರೆಗೆ ಪಾರ್ಲಿಮೆಂಟು ಬೇಡವಾದಾಗ ಏನು ಮಾಡುತ್ತಿದ್ದ? ಅಧಿವೇಶನವನ್ನೇ ಮುಗಿಸಿ ಮನೆಗೆ ಕಳಿಸುತ್ತಿದ್ದ. ಸೂಚನೆ ಮಂಡಿಸಿದರೆ ತಾನೇ? ಸಭೆ ಮುಗಿಯಿತು ಎಂದು ಅಧ್ಯಕ್ಷನೇ ಘೋಷಿಸಿಬಿಟ್ಟರೆ!

ಚಂದ್ರಮೌಳಿ ಘೋಷಿಸಲು ಎದ್ದ. ಎದ್ದ ಎಂದರೆ ಮೇಲಿನ ಅರ್ಧ ಎದ್ದಿತು. ಮಂಡಿಯಿಂದ ಕೆಳಗೆ ಕಾಲಿವೆ ಎಂಬ ನೆನಪೇ ಮೈಗೆ ಇರಲಿಲ್ಲ, ಜೋಮು ಹಿಡಿದು ಬಾಳೆದಿಂಡಾಗಿದ್ದವು. ಅವನು ಧೊಪ್ಪನೆ ಮುಂದಕ್ಕೆ ಬಿದ್ದ. ಎರಡು ಅಂಗೈ ಚಾಪೆಯ ಮೇಲೆ, ಹಣೆ ಎರಡು ಕೈಗಳ ನಡುವೆ, ನೇರ ಮಿಯಾಕೆ ಸಾನ್‌ರ ಪಾದದ ಮುಂದೆ. ಜಪಾನಿನಲ್ಲಿ ಅದಕ್ಕಿಂತ ದೊಡ್ಡ ನಮಸ್ಕಾರವಿಲ್ಲ. ಜೀವಮಾನದಲ್ಲಿ ಒಂದೋ ಎರಡೋ ಸಲ, ಪ್ರಾಣ ಹೋಗುವ ಬೇಡಿಕೆಯಿದ್ದಾಗ ಮಾತ್ರ ಮನುಷ್ಯರು ಹಾಗೆ ಬೀಳುತ್ತಾರೆ. “ಸಭೆ ಮುಗಿಯಿತು,” ಎಂದು ಅವನು ಚಾಪೆಗೆ ಹೇಳಿದ. ಚಾಪೆ ಮಾತ್ರ ಕೇಳಿಸಿಕೊಂಡಿತು.

ಮಿಯಾಕೆ ಸಾನ್‌ರ ಎರಡೂ ಕೈ ಅವನ ಹೆಗಲ ಮೇಲೆ ಬಂದವು. “ಒಂದು ವರ್ಷವಲ್ಲ,” ಎಂದರು, “ಎರಡು ವರ್ಷ!”

ಚಪ್ಪಾಳೆ ಸಿಡಿಯಿತು. ಅಲ್ಲಿ ಕೈಯೆತ್ತುವ ಪದ್ಧತಿಯಿಲ್ಲ, ಚಪ್ಪಾಳೆಯೇ ಒಪ್ಪಿಗೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹಿಂದಿನ ಸಾಲಿನ ಲೀಲಾವತಿ.

ಸಭೆ ಮುಗಿದು ಚಾಪೆ ಸುತ್ತುವಾಗ ಅವರು ಅಳಿಯನ ಬಳಿ ಬಂದರು. “ಬಿಟ್ರು ತಾನೇ?”

“ಎರಡು ವರ್ಷ ಹಾಕಿದ್ರು ಅತ್ತೆ. ನೀವ್ಯಾಕೆ ಚಪ್ಪಾಳೆ ತಟ್ಟಿದ್ರಿ?”

“ಎಲ್ಲಾರೂ ತಟ್ಟಿದ್ರು, ನಾನೂ ತಟ್ದೆ. ಸುಮ್ನೆ ಕೂತಿದ್ರೆ ಚೆನ್ನಾಗಿರತ್ತಾ?” ಎಂದರು ಅವರು, ಮುಖ ಬಾಡಿಸಿಕೊಂಡು. ಆಮೇಲೆ ದನಿ ತಗ್ಗಿಸಿ, “ನಮ್ಮ ಸಮಾಜದಲ್ಲಿ ಹೀಗಾಗಿರ್ಲಿಲ್ಲಪ್ಪ,” ಎಂದರು.

ಚಂದ್ರಮೌಳಿಯ ಮನೆಗೂ ಓಕುದಾ ಸಾನ್ ಮನೆಗೂ ದಾರಿ ಒಂದೇ. ಓಕುದಾ ಸಾನ್ ತಾವಾಗಿಯೇ ಬಂದು ಚಂದ್ರಮೌಳಿಯ ಪಕ್ಕದಲ್ಲಿ ನಡೆಯತೊಡಗಿದರು. ಲೀಲಾವತಿ ನಾಲ್ಕು ಹೆಜ್ಜೆ ಹಿಂದೆ. ಮುದುಕರು ಏನೋ ಹೇಳಲು ಬಾಯಿ ತೆರೆಯುವುದು, ಕೆಮ್ಮಿ ಸುಮ್ಮನಾಗುವುದು ಮಾಡುತ್ತಿದ್ದರು. ಚಂದ್ರಮೌಳಿಗೆ ಅದರತ್ತ ಗಮನವಿಲ್ಲ. ಅವನ ಕಣ್ಣಿಗೆ ತನ್ನ ಮೇಜು, ಎರಡು ಅಧ್ಯಾಯ, ಟೀ ಕೊಟ್ಟ ಮುಖ್ಯಸ್ಥರ ಮುಖ ಕಾಣುತ್ತಿದ್ದವು. ಇಷ್ಟು ವರ್ಷ ಎದೆಗವಚಿಕೊಂಡು ಬಂದದ್ದು ಕಾಗೆಗಳ ಪಾಲಾಯಿತಲ್ಲ ಎಂದು ದುಃಖ ಉಕ್ಕಿತು.

ದುಃಖದಲ್ಲಿ ಬುದ್ಧಿ ಚುರುಕಾಗುತ್ತದೆ ಎನ್ನುತ್ತಾರೆ. ಅವನಿಗೆ ಥಟ್ಟನೆ ಹೊಳೆಯಿತು. ಬೆಳಗಿನಿಂದ ಬೇಡ ಬೇಡ ಎಂದೆ, ಪ್ರತಿ ಬೇಡವೂ ಬೇಕು ಎಂದಾಯಿತು. ಕಾತ್ಯಾ ಹೇಳಿದ್ದು ಸರಿ, ಇಲ್ಲಿ ವಿನಯದ ಮಾತಿಗೆ ಅರ್ಥವಿಲ್ಲ. ಹಾಗಾದರೆ ಬೇಡವೆನ್ನಬೇಕಾದರೆ ಬೇಕೆನ್ನಬೇಕು! ಅಧಿಕಾರ ಬೇಕು ಎಂದು ಬಾಯಿಬಿಟ್ಟು ಕೇಳುವ ನಾಚಿಕೆಗೆಟ್ಟವನನ್ನು ಈ ಮರ್ಯಾದಸ್ಥರ ಬೀದಿ ಒಂದು ದಿನವೂ ಸಹಿಸಲಾರದು. ಮುದುಕರು ಹೌಹಾರಿ ನಾಳೆಯೇ ಸಭೆ ಕರೆಯುತ್ತಾರೆ.

ಚಂದ್ರಮೌಳಿ ನಡುಬೀದಿಯಲ್ಲಿ ನಿಂತ. ಯಾವ ಜಪಾನಿಯ ಹಂಗೂ ಇಲ್ಲದೆ, ಅಚ್ಚ ಇಂಗ್ಲಿಷಿನಲ್ಲಿ, ಎದೆಯುಬ್ಬಿಸಿ ಹೇಳಿದ. “ಓಕುದಾ ಸಾನ್, ಇನ್ನು ನಾಟಕ ಸಾಕು. ನಿಜ ಹೇಳಿಬಿಡುತ್ತೇನೆ. ನನಗೆ ಈ ಅಧ್ಯಕ್ಷಗಿರಿ ಎಂದರೆ ಪ್ರಾಣ. ಬೇಕು, ಬೇಕೇ ಬೇಕು. ಎರಡು ವರ್ಷವೇನು, ಸಾಯುವ ತನಕ ನನ್ನನ್ನು ತೆಗೆಯಬೇಡಿ!”

ಓಕುದಾ ಸಾನ್ ನಿಂತರು. ಟೋಪಿ ತೆಗೆದರು. ಅವರ ಕಣ್ಣಲ್ಲಿ ನೀರು ನಿಂತಿತ್ತು.

“ದೇವರು ದೊಡ್ಡವನು,” ಎಂದರು. “ಬೆಳಗಿನಿಂದ ನನ್ನ ಎದೆಯ ಮೇಲೆ ಕಲ್ಲಿತ್ತು, ಈಗ ಇಳಿಯಿತು. ಈಗ ಹೇಳಬಹುದು. ಹೋದ ತಿಂಗಳೇ ನಾವೆಲ್ಲ ಸೇರಿ ತೀರ್ಮಾನಿಸಿದ್ದೆವು, ಈ ವರ್ಷ ನಿಮಗೆ ಬಿಡುಗಡೆ ಎಂದು. ನಿಮ್ಮ ಪುಸ್ತಕ ಮುಗಿಯಬೇಕಾಗಿದೆ ಎಂದು ನಿಮ್ಮ ಹೆಂಡತಿ ಹಯಾಶಿ ಸಾನ್ ಹತ್ತಿರ ಹೇಳಿದ್ದರಂತೆ. ಮುಂಚಿತವಾಗಿ ನಿಮಗೆ ತಿಳಿಸಿದರೆ ಓಡಿಸಿದ ಹಾಗಾಗುತ್ತದೆಂದು ಸುಮ್ಮನಿದ್ದೆವು. ಮಿಯಾಕೆ ಸಾನ್ ಒಪ್ಪಿದ್ದರು. ಒಪ್ಪಿದ್ದೇನು ಬಂತು, ವರ್ಷಗಳಿಂದ ಒಳಗೊಳಗೇ ಆಸೆಪಟ್ಟಿದ್ದರು ಪಾಪ, ಬಾಯಿಬಿಟ್ಟು ಕೇಳಲಾರದವರು, ಸೂಟು ಹೊಲಿಸಿದ್ದರು, ಮನೆಯಲ್ಲಿ ಹಬ್ಬದಡುಗೆಯಾಗಿತ್ತು. ಅಷ್ಟರಲ್ಲಿ ನೀವು ಸಿಹಿ ಹಿಡಿದು ಮನೆ ಮನೆಗೆ ಬಂದಿರಿ, ಅಷ್ಟು ತಲೆ ಬಗ್ಗಿಸಿದಿರಿ. ನಮ್ಮಲ್ಲಿ ಸ್ಥಾನ ಬೇಕೆನ್ನುವವರು ಕೇಳುವುದೇ ಹಾಗೆ. ಅಂಥ ಮನುಷ್ಯನಿಗೆ ಇಲ್ಲವೆನ್ನುವುದು ಹೇಗೆ? ಮಿಯಾಕೆ ಸಾನ್ ತಾವೇ ಹಿಂದೆ ಸರಿದರು.”

ಚಂದ್ರಮೌಳಿ ಪಕ್ಕದ ಗೋಡೆಯನ್ನು ಹಿಡಿದುಕೊಂಡ.

“ನಾನೊಬ್ಬನೇ ಅನುಮಾನಪಟ್ಟವನು,” ಮುದುಕರು ಹೇಳುತ್ತಿದ್ದರು. “ಇವರು ಹೊರಗಿನವರು, ನಮ್ಮ ರೀತಿ ತಿಳಿಯದೆ ನಿಜವಾಗಿಯೂ ಬೇಡವೆನ್ನುತ್ತಿದ್ದಾರೋ ಏನೋ ಎಂದು. ದಾರಿಯಲ್ಲಿ ಒಂದು ಸಲ ನೇರವಾಗಿ ಕೇಳಿಬಿಡೋಣ, ಬೇಡ ಎಂದರೆ ಈ ಕ್ಷಣವೇ ಮಿಯಾಕೆ ಸಾನ್‌ಗೆ ಕೊಟ್ಟುಬಿಡೋಣ ಎಂದೇ ನಿಮ್ಮ ಜೊತೆ ಬಂದೆ. ಹೇಗೆ ಕೇಳಲಿ ಎಂದು ಒದ್ದಾಡುತ್ತಿದ್ದೆ. ಕೇಳುವ ಮುಂಚೆ ನೀವೇ ಹೇಳಿದಿರಿ. ಈಗಲೇ ಹೋಗಿ ಅವರಿಗೂ ತಿಳಿಸುತ್ತೇನೆ, ಪಾಪ, ಸಮಾಧಾನವಾಗುತ್ತದೆ.”

ಟೋಪಿ ಹಾಕಿಕೊಂಡು, ಆಳವಾಗಿ ಬಗ್ಗಿ, ಆ ವಯಸ್ಸಿಗೆ ನಂಬಲಾಗದ ವೇಗದಲ್ಲಿ ಅವರು ಮಿಯಾಕೆ ಸಾನ್ ಮನೆಯ ಓಣಿಗೆ ತಿರುಗಿಬಿಟ್ಟರು. ಚಂದ್ರಮೌಳಿ ಓಡಲು ನೋಡಿದ. ಕಾಲಿನ ಜೋಮು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಲೀಲಾವತಿ ಬಂದು ಕೂಡಿಕೊಂಡರು. ಮುದುಕರು ಅಷ್ಟು ಸಂತೋಷವಾಗಿ ಹೋದದ್ದನ್ನು ಕಂಡು ಅವರಿಗೆ ಆಸೆ ಚಿಗುರಿತ್ತು.

“ಏನಂದ್ರು ಅಳಿಯಂದ್ರೆ? ಮನಸ್ಸು ಬದಲಾಯಿಸಿದ್ರಾ? ಬಿಟ್ಬಿಟ್ರಂತಾ?”

“ಬಿಟ್ಟಿದ್ರಂತೆ ಅತ್ತೆ,” ಎಂದ ಚಂದ್ರಮೌಳಿ. “ಹೋದ ತಿಂಗಳೇ.”